ರಾಜಪದಗಳೂ ವ್ರತಿಯ ಬಾಳೂ

ದಿಗಂಬರ ಮುನಿಗಳನ್ನು ಶ್ರಾವಕರು ‘ಮಹಾರಾಜ’ ಎಂದು ಸಂಬೋಧಿಸುವುದು ನಡೆದುಬಂದ ರೂಢಿ. ಮುನಿಯ ಮೈಮೇಲೆ ನೂಲಿನ ಎಳೆಯೂ ಇಲ್ಲ. ಕೈಯಲ್ಲಿ ಪಿಂಛಿ ಕಮಂಡಲುಗಳ ಹೊರತು ಹೇಳಿಕೊಳ್ಳುವಂತಹ ವಸ್ತುವಿಲ್ಲ. ದಿನಕ್ಕೊಮ್ಮೆ, ನಿಂತು, ಕರಪಾತ್ರೆಯಲ್ಲಿ, ಶ್ರಾವಕರು ನೀಡಿದ ಶುದ್ಧ ಆಹಾರ. ಅಂತರಾಯವಾದರೆ ಅದೂ ಇಲ್ಲ. ಇಂತಹ ತ್ಯಾಗಿಗೆ, ಭೋಗಸಂಪತ್ತಿನ ಶಿಖರವನ್ನು ಸೂಚಿಸುವ ಪದವೊಂದು ಹೇಗೆ ಸಲ್ಲುತ್ತದೆ?

ಪ್ರಶ್ನೆ ಇದೊಂದೇ ಪದಕ್ಕೆ ಸೀಮಿತವಾದುದಲ್ಲ. ಜಿನಾಲಯದ ಒಳಹೊಕ್ಕರೆ ಕಾಣುವುದೂ ಕೇಳುವುದೂ ಅರಮನೆಯ ಮಾತುಗಳೇ. ಭಗವಂತನಿಗೆ ಸಿಂಹಾಸನ, ಛತ್ರತ್ರಯ, ಚಾಮರ, ದುಂದುಭಿ. ಅವನ ವಾಣಿಗೆ ಶಾಸನವೆಂದು ಹೆಸರು. ‘ಜಿನ’ ಎಂಬುದೇ ಗೆದ್ದವನೆಂಬ ಅರ್ಥದ ಪದ. ಅಷ್ಟಪ್ರಾತಿಹಾರ್ಯಗಳೆಂಬ ಮಾತಿನಲ್ಲಿಯೂ ರಾಜದ್ವಾರದ ಪ್ರತಿಹಾರನ ನೆನಪಿದೆ. ಮಠಾಧೀಶರಾದ ಭಟ್ಟಾರಕರಿಗೆ ನಡೆಯುವುದು ಪಟ್ಟಾಭಿಷೇಕ. ‘ಭಟ್ಟಾರಕ’ ಪದವನ್ನು ಅರಸರೂ ಧರಿಸಿದ್ದರು. ಚಾಲುಕ್ಯರ ಶಾಸನಗಳಲ್ಲಿ ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂಬ ಬಿರುದುಗಳು ಸಾಲಾಗಿ ಬರುವುದನ್ನು ಶಾಸನಾಭ್ಯಾಸಿಗಳು ಬಲ್ಲರು.

ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ಪರಿಗ್ರಹಿಗಳ ಈ ಪದಸಂಪತ್ತು ಏಕೆ ಎಂದು ವಿಚಾರವಂತರು ಕೇಳುವುದುಂಟು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 18ನೆಯ ಅನುಚ್ಛೇದವು ಸೈನಿಕ ಹಾಗೂ ವಿದ್ಯಾಸಂಬಂಧವಾದ ಗೌರವಗಳ ಹೊರತು ಬೇರೆ ಬಿರುದುಗಳನ್ನು ಸರ್ಕಾರ ಕೊಡಕೂಡದೆಂದು ವಿಧಿಸಿತು. 1971ರ 26ನೆಯ ತಿದ್ದುಪಡಿಯಿಂದ ಹಿಂದಿನ ಸಂಸ್ಥಾನಿಕರ ಮನ್ನಣೆ, ರಾಜಧನಗಳೂ ಕೊನೆಗೊಂಡವು. ನಾಡಿನಲ್ಲಿ ಅರಸೊತ್ತಿಗೆಯೇ ಇಲ್ಲವಾದ ಮೇಲೆ ಬಸದಿಯಲ್ಲಿ ಮಾತ್ರ ಅದರ ಮಾತು ಉಳಿಯುವುದು ಉಚಿತವೇ? ಅದು ಕೇವಲ ಅಲಂಕಾರವೇ, ಸ್ತುತಿಯ ಅಭ್ಯಾಸವೇ, ಇಲ್ಲವೇ ಅದರಲ್ಲಿ ವ್ರತಿಗೆ ಬೇಕಾದ ಅರ್ಥವೇನಾದರೂ ಇದೆಯೇ? ವ್ರತೋಪವಾಸಗಳನ್ನು ಆಚರಿಸುವ ಪ್ರತಿಯೊಂದು ಮನೆಯೂ ವಿಚಾರ ಮಾಡಬೇಕಾದ ವಿಷಯವಿದು.

ಪದಗಳ ಒಳಗಿನ ಅರ್ಥ

ಮೊದಲು ಪದಗಳನ್ನೇ ವಿಚಾರಿಸೋಣ. ಕನ್ನಡದ ‘ಒಡೆಯ’ ಎಂಬುದು ಉಳ್ಳವನು, ಹೊಂದಿರುವವನು ಎಂಬ ಅರ್ಥದ್ದು. ಒಡವೆ, ಒಡೆತನ ಎಂಬ ಮಾತುಗಳು ಅದರ ಬಂಧುಗಳೇ. ಅಂದರೆ ಈ ಪದದ ಬಲವೆಲ್ಲವೂ ಪರಿಗ್ರಹದಲ್ಲಿದೆ; ವಸ್ತು ಹೋದರೆ ಒಡೆಯನೂ ಹೋದನು. ಸಂಸ್ಕೃತದ ‘ಸ್ವಾಮಿ’ ಪದವೂ ಅಂತಹುದೇ. ‘ಸ್ವ’ ಎಂದರೆ ತನ್ನದು. ತನ್ನದು ಎಂಬುದುಳ್ಳವನು ಸ್ವಾಮಿ. ಆದರೆ ‘ತನ್ನದು’ ಯಾವುದು ಎಂಬ ಪ್ರಶ್ನೆ ಬಂದೊಡನೆ ಲೋಕದ ದಾರಿಯೂ ಜಿನಾಗಮದ ದಾರಿಯೂ ಕವಲೊಡೆಯುತ್ತವೆ. ಲೋಕವು ಭೂಮಿ, ಬಂಗಾರ, ಪರಿಜನಗಳನ್ನು ತೋರಿಸುತ್ತದೆ. ಆಗಮವು ಜ್ಞಾನದರ್ಶನಮಯವಾದ ಆತ್ಮವೊಂದನ್ನೇ ಸ್ವದ್ರವ್ಯವೆಂದು ಹೇಳಿ, ಉಳಿದುದೆಲ್ಲವೂ ಪರದ್ರವ್ಯವೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ಆರು ಖಂಡಗಳನ್ನು ಆಳಿದ ಅರಸನಿಗೂ ಸ್ವಾಮಿತ್ವ ಪೂರ್ಣವಾಗಿರುವುದಿಲ್ಲ. ಅರಿಷಡ್ವರ್ಗಗಳನ್ನು ಹಿಡಿತದಲ್ಲಿಟ್ಟ ಮುನಿಗೆ ಅದು ಪೂರ್ಣತೆಯ ಸಮೀಪಕ್ಕೆ ಬರುತ್ತದೆ.

‘ಆಳು’ ಎಂಬ ಅಚ್ಚಗನ್ನಡ ಪದವಂತೂ ಇನ್ನೂ ಸ್ವಾರಸ್ಯಕರ. ಕ್ರಿಯಾಪದವಾದರೆ ಅದಕ್ಕೆ ಆಳ್ವಿಕೆ ನಡೆಸು ಎಂಬ ಅರ್ಥ. ನಾಮಪದವಾದರೆ ಸೇವಕ ಎಂಬ ಅರ್ಥ. ಎರಡರ ಮೂಲ ಒಂದೇ ಇರಲಿ ಬೇರೆಯೇ ಇರಲಿ, ಒಂದೇ ಶಬ್ದ ಎರಡನ್ನೂ ಹೊತ್ತು ನಿಂತಿರುವುದು ಅರ್ಥಪೂರ್ಣ. ಇಂದ್ರಿಯಗಳನ್ನು ಆಳದವನು ಅವುಗಳ ಆಳಾಗುತ್ತಾನೆ. ಉಪವಾಸದ ದಿನ ಮಧ್ಯಾಹ್ನ ಹಸಿವು ಕಾಡುವಾಗ, ಆಳುವವರು ಯಾರು ಆಳು ಯಾರು ಎಂಬ ವಿಷಯ ವ್ರತಿಗೆ ಯಾವ ನಿಘಂಟಿನ ಸಹಾಯವೂ ಇಲ್ಲದೆ ತಿಳಿಯುತ್ತದೆ.

‘ಕ್ಷತ್ರಿಯ’ ಪದಕ್ಕೆ ಕ್ಷತದಿಂದ, ಅಂದರೆ ಗಾಯದಿಂದ, ಕಾಪಾಡುವವನು ಎಂದು ಪ್ರಾಚೀನರು ನಿರುಕ್ತಿ ಹೇಳಿದರು. ಇಪ್ಪತ್ತನಾಲ್ಕು ತೀರ್ಥಂಕರರೂ ಕ್ಷತ್ರಿಯ ಕುಲದಲ್ಲಿ ಜನಿಸಿದವರೆಂಬುದು ಪುರಾಣಪ್ರಸಿದ್ಧ. ತನ್ನ ಪ್ರಜೆಗಳನ್ನಷ್ಟೇ ಗಾಯದಿಂದ ಕಾಯುವ ಕ್ಷಾತ್ರವು, ಏಕೇಂದ್ರಿಯ ಜೀವಿಯವರೆಗೆ ವಿಸ್ತರಿಸಿದಾಗ ಅಹಿಂಸಾ ಮಹಾವ್ರತವಾಗುತ್ತದೆ. ದೀಕ್ಷೆ ವಹಿಸಿದ ರಾಜಕುಮಾರನು ಕ್ಷಾತ್ರವನ್ನು ಬಿಟ್ಟನೆಂದು ಹೇಳುವುದಕ್ಕಿಂತ, ಅದನ್ನು ಕೊನೆಯ ತನಕ ಕೊಂಡೊಯ್ದನೆಂದು ಹೇಳುವುದೇ ಲೇಸು.

ದಿಗ್ವಿಜಯ ಮತ್ತು ದಿಗ್ವ್ರತ

ರಾಜನೀತಿಯೂ ಶ್ರಾವಕಾಚಾರವೂ ಒಂದೇ ಪದಗಳನ್ನು ಹೇಗೆ ಎದುರುಬದುರಾಗಿ ಬಳಸುತ್ತವೆಂಬುದಕ್ಕೆ ದಿಗ್ವಿಜಯ, ದಿಗ್ವ್ರತಗಳಿಗಿಂತ ಉತ್ತಮ ನಿದರ್ಶನ ದೊರೆಯದು. ಅರಸನು ಪಟ್ಟವೇರಿದೊಡನೆ ದಿಕ್ಕುಗಳನ್ನು ಗೆಲ್ಲಲು ಹೊರಡುತ್ತಾನೆ. ಶ್ರಾವಕನು ವ್ರತ ಸ್ವೀಕರಿಸಿದೊಡನೆ, ಇಂತಹ ನದಿಯಿಂದಾಚೆಗೆ, ಇಂತಹ ಬೆಟ್ಟದಿಂದಾಚೆಗೆ ಜೀವಮಾನದಲ್ಲಿ ಹೋಗೆನೆಂದು ದಿಕ್ಕುಗಳಿಗೆ ಮೇರೆ ಹಾಕಿಕೊಳ್ಳುತ್ತಾನೆ. ಆ ಮೇರೆಯೊಳಗೂ ದಿನದ, ತಿಂಗಳ ಲೆಕ್ಕದಲ್ಲಿ ಇನ್ನಷ್ಟು ಕಿರಿದು ಮಾಡಿಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲೊಂದರ ಹೆಸರು ‘ಕ್ಷೇತ್ರವೃದ್ಧಿ’. ಅರಸನ ಪ್ರಶಸ್ತಿಯಲ್ಲಿ ಕ್ಷೇತ್ರವೃದ್ಧಿಯು ಕೀರ್ತಿ. ವ್ರತಿಯ ಲೆಕ್ಕದಲ್ಲಿ ಅದೇ ದೋಷ. ‘ದಂಡ’ ಪದದ ಗತಿಯೂ ಇದೇ. ದಂಡನೀತಿ, ದಂಡನಾಯಕ ಎಂದು ಅರಮನೆಯಲ್ಲಿ ಗೌರವ ಪಡೆದ ಮಾತು, ಅನರ್ಥದಂಡವ್ರತದಲ್ಲಿ ನಿಷ್ಪ್ರಯೋಜನವಾಗಿ ಪರಪೀಡೆಗೆ ಕಾರಣವಾಗುವ ಮನೋವಾಕ್ಕಾಯಗಳ ವ್ಯಾಪಾರವೆಂದಾಗಿ, ಬಿಡತಕ್ಕದ್ದರ ಪಟ್ಟಿಗೆ ಸೇರುತ್ತದೆ.

ದಿಗ್ವಿಜಯದ ಫಲವೇನೆಂಬುದನ್ನು ಜಿನಸೇನಾಚಾರ್ಯರ ಆದಿಪುರಾಣವು ಭರತ ಚಕ್ರವರ್ತಿಯ ಪ್ರಸಂಗದಲ್ಲಿ ಹೇಳುತ್ತದೆ. ಪಂಪನ ಕನ್ನಡ ಆದಿಪುರಾಣದಿಂದಲೂ ಈ ಕಥೆ ನಮ್ಮ ಮನೆಗಳಿಗೆ ಪರಿಚಿತ. ಆರು ಖಂಡಗಳನ್ನು ಗೆದ್ದ ಭರತನು ತನ್ನ ಪ್ರಶಸ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ತನ್ನಂತಹವನು ಹಿಂದೆ ಇರಲಿಲ್ಲವೆಂಬ ಭಾವ ಅವನದು. ಬೆಟ್ಟದ ಮೈಯೆಲ್ಲವೂ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿಹೋಗಿದ್ದಿತು. ಹೊಸದೊಂದು ಹೆಸರಿಗೆ ಎಡೆಯಿರಲಿಲ್ಲ. ಕೊನೆಗೆ ಯಾರದೋ ಹೆಸರನ್ನು ಅಳಿಸಿ, ಆ ಜಾಗದಲ್ಲಿ ತನ್ನದನ್ನು ಬರೆಯಬೇಕಾಯಿತು. ಅಳಿಸುವ ಕೈಗೆ, ಮುಂದೊಮ್ಮೆ ತನ್ನ ಹೆಸರೂ ಇದೇ ರೀತಿ ಅಳಿಯುವುದೆಂಬುದು ತಿಳಿಯದೆ ಹೋಗಲಾರದು. ರಾಜಪದದ ಪರಮಾವಧಿಯಾದ ಚಕ್ರವರ್ತಿತ್ವಕ್ಕೂ ಸಿಕ್ಕಿದ್ದು ಇನ್ನೊಬ್ಬನ ಹೆಸರು ಅಳಿದ ಜಾಗ ಮಾತ್ರ.

ಬಿರುದು ಮತ್ತು ವಿರತಿ

ಪುರಾಣದ ಮಾತು ಹಾಗಿರಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟವೇ ಕಲ್ಲಿನಲ್ಲಿ ಇದೇ ಪಾಠವನ್ನು ಹೇಳುತ್ತದೆ. ಅಲ್ಲಿಯ ಕೂಗೆ ಬ್ರಹ್ಮದೇವ ಸ್ತಂಭದ ಮೇಲೆ ಗಂಗರಾಜನಾದ ಇಮ್ಮಡಿ ಮಾರಸಿಂಹನ ಶಾಸನವಿದೆ. ಅವನ ಯುದ್ಧಗಳು, ಗೆಲವುಗಳು, ಬಿರುದುಗಳು ಅದರಲ್ಲಿ ವಿಸ್ತಾರವಾಗಿ ಬರುತ್ತವೆ. ‘ನೊಳಂಬಕುಲಾಂತಕ’ ಎಂಬುದು ಅವನ ಪ್ರಸಿದ್ಧ ಬಿರುದು. ನೊಳಂಬರ ಕುಲಕ್ಕೆ ಯಮನಾದವನು ಎಂದು ಅದರ ಅರ್ಥ. ಅಷ್ಟೆಲ್ಲವನ್ನೂ ಹೇಳಿದ ಶಾಸನ ಕೊನೆಗೆ, ಅವನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಅನಶನದಿಂದ ಸಮಾಧಿಯನ್ನು ಸಾಧಿಸಿದನೆಂದು ತಿಳಿಸುತ್ತದೆ. ಕಾಲ 974ರ ಸುಮಾರು. ಪರರ ಕುಲಕ್ಕೆ ಅಂತಕನಾದವನು ತನ್ನ ಅಂತ್ಯವನ್ನು ಶಾಂತಭಾವದಿಂದ ಎದುರುಗೊಂಡನು. ಬಿರುದುಗಳು ಶಾಸನದ ಬಹುಭಾಗವನ್ನು ತುಂಬಿದರೂ, ಆ ಮೂರು ದಿನಗಳಲ್ಲಿ ಅವನಿಗೆ ಒದಗಿದ್ದು ಅವುಗಳಲ್ಲಿ ಒಂದೂ ಇರಲಾರದು.

ಅದೇ ಬೆಟ್ಟದ ಗಂಧವಾರಣ ಬಸದಿಯ ಬಳಿಯ ಕಂಬವೊಂದು ರಾಷ್ಟ್ರಕೂಟ ವಂಶದ ನಾಲ್ವಡಿ ಇಂದ್ರರಾಜನನ್ನು ಸ್ಮರಿಸುತ್ತದೆ. ಅವನು ಮೂರನೆಯ ಕೃಷ್ಣನ ಮೊಮ್ಮಗ. 973ರಲ್ಲಿ ಸಾಮ್ರಾಜ್ಯ ಚಾಲುಕ್ಯ ತೈಲಪನ ಪಾಲಾದ ಮೇಲೆ ಅವನನ್ನು ಪಟ್ಟಕ್ಕೆ ತರಲು ಮಾರಸಿಂಹನು ಶ್ರಮಿಸಿದನಾದರೂ ಅದು ನೆಲೆನಿಲ್ಲಲಿಲ್ಲ. 982ರಲ್ಲಿ ಇಂದ್ರರಾಜನು ಬೆಳಗೊಳದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಶಾಸನವು ಚೆಂಡಾಟದಲ್ಲಿ ಅವನಿಗಿದ್ದ ಕೌಶಲವನ್ನು ಬಹುವಾಗಿ ಕೊಂಡಾಡುತ್ತದೆ.

ಇಲ್ಲಿ ಸೂಕ್ಷ್ಮವಾದ ಆಕ್ಷೇಪವೊಂದು ಏಳುತ್ತದೆ. ರಾಜ್ಯವನ್ನು ಕಳೆದುಕೊಂಡವನ ವಿರತಿಯನ್ನು ತ್ಯಾಗವೆನ್ನಬಹುದೇ? ಕೈತಪ್ಪಿ ಹೋದುದನ್ನು ‘ಬಿಟ್ಟೆ’ ಎಂದು ಹೇಳಿದರೆ ವ್ರತವಾಗುವುದೇ? ಪ್ರಶ್ನೆ ನ್ಯಾಯವಾದುದೇ. ಆದರೆ ಕೈಯಿಂದ ಹೋದುದು ಮನಸ್ಸಿನಿಂದ ಹೋಗುವುದು ಅಷ್ಟು ಸುಲಭವಲ್ಲ. ಸಿಂಹಾಸನವನ್ನು ಕಳೆದುಕೊಂಡವರ ಚರಿತ್ರೆ ಹೆಚ್ಚಾಗಿ ಸೇಡಿನ, ಸಂಚಿನ ಚರಿತ್ರೆಯಾಗಿರುತ್ತದೆ. ಇರುವುದನ್ನು ಬಿಡುವವನಿಗೆ ಒಂದು ಬಗೆಯ ಕಷ್ಟ. ಇಲ್ಲದುದರ ಆಸೆಯನ್ನು ಬಿಡುವವನಿಗೆ ಇನ್ನೊಂದು ಬಗೆಯ ಕಷ್ಟ. ಪರಿಗ್ರಹವೆಂದರೆ ವಸ್ತುವಲ್ಲ, ಮೂರ್ಛೆ, ಅಂದರೆ ಮಮತ್ವವೆಂದು ಉಮಾಸ್ವಾಮಿಗಳು ತಿಳಿಸಿರುವುದರಿಂದ, ಎರಡನೆಯ ತ್ಯಾಗವೂ ತ್ಯಾಗವೇ. ವ್ಯಾಪಾರದಲ್ಲಿ ನಷ್ಟ ಹೊಂದಿದ, ಜಮೀನು ಕಳೆದುಕೊಂಡ ಶ್ರಾವಕನಿಗೂ ಈ ದಾರಿ ತೆರೆದಿದೆ. ಅವನ ವ್ರತವನ್ನು ಬಡತನದ ನೆಪವೆಂದು ಹಳಿಯುವುದು ತರವಲ್ಲ.

ಹೊಯ್ಸಳರ ಕಾಲಕ್ಕೆ ಬಂದರೆ ಇನ್ನೊಂದು ನಿದರ್ಶನ ದೊರೆಯುತ್ತದೆ. ಈ ಗಂಧವಾರಣ ಬಸದಿಯನ್ನು ಕಟ್ಟಿಸಿದವಳು ವಿಷ್ಣುವರ್ಧನನ ಪಟ್ಟದರಾಣಿ ಶಾಂತಲದೇವಿ, ವರ್ಷ 1123. ಬಸದಿಗೆ ಆ ಹೆಸರು ಬಂದುದು ರಾಣಿಯ ಬಿರುದಿನಿಂದ. ಸೊಕ್ಕಿದ ಸವತಿಯರ ಪಾಲಿಗೆ ಮದಗಜ ಎಂಬ ಅರ್ಥದ ಬಿರುದು ಅದು. ಅಂತಃಪುರದ ಸ್ಪರ್ಧೆಯಲ್ಲಿ ಹುಟ್ಟಿದ ಮಾತು ಶಾಂತಿನಾಥನ ಆಲಯಕ್ಕೆ ಹೆಸರಾಗಿ ನಿಂತಿತು. ಕೆಲವು ವರ್ಷಗಳ ತರುವಾಯ, ಮಗಳು ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಇದೇ ಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಸ್ವೀಕರಿಸಿದಳು. ಪಟ್ಟದರಾಣಿಯ ತಾಯಿ ಎಂಬ ಪದವಿ ಅವಳ ಶೋಕವನ್ನು ನೀಗಲಿಲ್ಲ. ರಾಣಿಯ ಬಿರುದು, ತಾಯಿಯ ವ್ರತ, ಎರಡನ್ನೂ ಒಂದೇ ಬೆಟ್ಟ ಉಳಿಸಿಕೊಂಡಿದೆ. ಯಾವುದರ ಮುಂದೆ ತಲೆ ಬಾಗಬೇಕೆಂಬುದನ್ನು ಯಾತ್ರಿಕರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ.

ಕೊಡುವುದರಿಂದ ಬಂದ ಹಿರಿಮೆ

ಹಾಗಾದರೆ ಬಿರುದುಗಳೆಲ್ಲವೂ ಹೇಯವೇ? ಹಾಗೆ ತೀರ್ಮಾನಿಸುವುದೂ ಅವಸರವಾದೀತು. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನಿಗೆ ಎರಡು ಬಗೆಯ ಬಿರುದುಗಳಿದ್ದುವು. ಸಮರಧುರಂಧರ, ವೀರಮಾರ್ತಾಂಡ, ರಣರಂಗಸಿಂಗ ಎಂಬುವು ರಣಾಂಗಣದಲ್ಲಿ ಬಂದವು. ಸಮ್ಯಕ್ತ್ವರತ್ನಾಕರ, ಶೌಚಾಭರಣ, ಗುಣರತ್ನಭೂಷಣ ಎಂಬುವು ಶೀಲದಿಂದ ಬಂದವು. ಇಂದ್ರಗಿರಿಯ ಮೇಲೆ ಐವತ್ತೇಳು ಅಡಿಯ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದಾಗ, ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಕಿರಿದಾದ ಬರಹಗಳನ್ನು ಕೆತ್ತಲಾಯಿತು. ಮಾಡಿಸಿದವನ ಹೆಸರನ್ನಷ್ಟೇ ಅವು ತಿಳಿಸುತ್ತವೆ. ಸಮರದ ಬಿರುದುಗಳಲ್ಲಿ ಒಂದೂ ಅಲ್ಲಿಗೆ ಬರಲಿಲ್ಲ. ಆ ಮೂರ್ತಿಯಾದರೋ, ಅಣ್ಣನನ್ನು ಗೆದ್ದ ಕ್ಷಣದಲ್ಲಿಯೇ ಗೆಲವಿನ ಫಲವನ್ನು ತೊರೆದವನದು. ಅದರ ಪಾದದಲ್ಲಿ ಗೆಲವಿನ ಬಿರುದು ಬರೆಯಿಸುವುದು ಹೇಗೆ ತಾನೇ ಶೋಭಿಸೀತು? ಆದರೂ ಜನಮನಸ್ಸಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಮಂತ್ರಿಯ ಅಭಿಷೇಕದ ಹಾಲು ಮೂರ್ತಿಯ ಅಡಿಗಿಳಿಯದೆ, ಬಡ ಗುಳ್ಳಕಾಯಜ್ಜಿಯ ಗುಟುಕು ಹಾಲು ಪಾದದವರೆಗೆ ಹರಿಯಿತೆಂಬ ಐತಿಹ್ಯವನ್ನು ಅದು ಸೇರಿಸಿಕೊಂಡಿತು. ಇಂದಿಗೂ ಮಹಾಮೂರ್ತಿಯ ಎದುರಿನಲ್ಲಿ ಅಜ್ಜಿಯ ಶಿಲ್ಪ ನಿಂತಿದೆ.

ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಯುದ್ಧದಲ್ಲಿ ಗೆದ್ದು ಬಂದಾಗ, ಬೇಕಾದುದನ್ನು ಕೇಳೆಂದು ಅರಸನು ಹೇಳಿದನಂತೆ. ಅವನು ಕೇಳಿಕೊಂಡುದು ಪರಮ ಎಂಬ ಗ್ರಾಮವನ್ನು. ಪಡೆದುಕೊಂಡು ಅದನ್ನು ತಾಯಿಯೂ ಮಡದಿಯೂ ಕಟ್ಟಿಸಿದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು. ಅತ್ತಿಮಬ್ಬೆಯ ‘ದಾನಚಿಂತಾಮಣಿ’ ಎಂಬ ಬಿರುದೂ ಇದೇ ಜಾತಿಯದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ಮಹಾತಾಯಿಗೆ, ಕೈಯಿಂದ ಬಿಟ್ಟುಕೊಟ್ಟುದೇ ಹೆಸರಾಯಿತು.

‘ಚಕ್ರವರ್ತಿ’ ಪದವನ್ನು ನಮ್ಮ ಪರಂಪರೆ ನಡೆಸಿಕೊಂಡ ಬಗೆಯೂ ವಿಚಾರಾರ್ಹ. ಪೊನ್ನ, ರನ್ನ, ಜನ್ನ ಈ ಮೂವರು ಜೈನ ಕವಿಗಳು ರಾಜಾಸ್ಥಾನಗಳಿಂದ ಕವಿಚಕ್ರವರ್ತಿಗಳೆನಿಸಿದರು. ಇವರಲ್ಲಿ ರನ್ನನು ಬಳೆಗಾರರ ಮನೆಯಲ್ಲಿ ಜನಿಸಿದವನು. ಚಾವುಂಡರಾಯನ ಗುರುಗಳಾದ ನೇಮಿಚಂದ್ರಾಚಾರ್ಯರು ಸಿದ್ಧಾಂತಚಕ್ರವರ್ತಿಗಳು. ಇದರ ತಾತ್ಪರ್ಯ ಗೊಮ್ಮಟಸಾರದಲ್ಲಿಯೇ ದೊರೆಯುತ್ತದೆ: ಚಕ್ರಿಯು ಚಕ್ರರತ್ನದಿಂದ ಭರತಕ್ಷೇತ್ರದ ಆರು ಖಂಡಗಳನ್ನು ಸಾಧಿಸುವಂತೆ, ಮತಿಯೆಂಬ ಚಕ್ರದಿಂದ ಆಗಮದ ಆರು ಖಂಡಗಳನ್ನು ಸಾಧಿಸಲಾಯಿತು. ಆ ದಿಗ್ವಿಜಯದಲ್ಲಿ ಯಾರ ಹೊಲವೂ ಹಾಳಾಗಲಿಲ್ಲ, ಯಾರ ಮನೆಯೂ ಬರಿದಾಗಲಿಲ್ಲ. ಗೆದ್ದುದನ್ನು ಶಿಷ್ಯರಿಗೆ ಹಂಚಿದಷ್ಟೂ ಅದು ಹೆಚ್ಚಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಪದವು ಆಚಾರ್ಯ ಶಾಂತಿಸಾಗರರಿಗೆ ಸಂದಿತು. ಅವರು 1872ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಜನಿಸಿದವರು. ಪೂರ್ವಾಶ್ರಮದ ಹೆಸರು ಸಾತಗೌಡ. ಗೌಡ, ಪಾಟೀಲ ಎಂಬುವು ಊರಿನ ಒಡೆತನವನ್ನು ಸೂಚಿಸುವ ಮಾತುಗಳು. ಆ ಚಿಕ್ಕ ಒಡೆತನವನ್ನು ತೊರೆದವರಿಗೆ ಸಮಾಜವು ‘ಚಾರಿತ್ರಚಕ್ರವರ್ತಿ’ ಎಂಬ ದೊಡ್ಡ ಪದವನ್ನು ಅರ್ಪಿಸಿತು. 1955ರಲ್ಲಿ ಕುಂಥಲಗಿರಿಯಲ್ಲಿ ಮೂವತ್ತಾರು ದಿನಗಳ ಸಲ್ಲೇಖನದಿಂದ ಅವರು ದೇಹವನ್ನು ವಿಸರ್ಜಿಸಿದರು. ಪದವು ಅವರಿಗೆ ಒಂದಂಗುಲ ಭೂಮಿಯನ್ನೂ, ಒಂದು ಗುಟುಕು ನೀರನ್ನೂ ಹೆಚ್ಚಾಗಿ ತಂದುಕೊಡಲಿಲ್ಲ. ಅರಮನೆಯ ಪದವು ಧರ್ಮದ ಪದವಾಯಿತೇ ಎಂದು ಪರೀಕ್ಷಿಸಲು ಇದಕ್ಕಿಂತ ನಿಶ್ಚಿತವಾದ ಒರೆಗಲ್ಲು ಬೇಡ. ಪದ ದೊಡ್ಡದಾದಂತೆ ಪರಿಗ್ರಹವು ಕುಗ್ಗಿದರೆ ಅದು ಧರ್ಮದ ಪದ; ಪದದೊಡನೆ ಪರಿಗ್ರಹವೂ ಬೆಳೆದರೆ ಅದು ಇನ್ನೂ ಅರಮನೆಯ ಪದವೇ.

ಕುಲದ ಹೆಮ್ಮೆ, ತಪಸ್ಸಿನ ಹೆಮ್ಮೆ

ರಾಜಪದಗಳ ಜತೆಗೆ ಬರುವ ಇನ್ನೊಂದು ಮಾತು ಕುಲೀನತೆ. ಜೈನ ಕರ್ಮಸಿದ್ಧಾಂತವು ಇದನ್ನು ಮುಚ್ಚಿಟ್ಟಿಲ್ಲ. ಎಂಟು ಮೂಲಕರ್ಮಗಳಲ್ಲಿ ಗೋತ್ರಕರ್ಮವೂ ಒಂದು. ಆದರೆ ಉಚ್ಚಗೋತ್ರವು ಯಾವುದರಿಂದ ಬಂಧವಾಗುತ್ತದೆಂದು ಕೇಳಿದರೆ ದೊರೆಯುವ ಉತ್ತರ ಯಾವ ಅರಮನೆಗೂ ರುಚಿಸತಕ್ಕದ್ದಲ್ಲ. ತನ್ನ ದೋಷವನ್ನು ತಾನೇ ನಿಂದಿಸಿಕೊಳ್ಳುವುದು, ಪರರ ಗುಣವನ್ನು ಪ್ರಶಂಸಿಸುವುದು, ನಮ್ರನಾಗಿರುವುದು, ಗರ್ವವಿಲ್ಲದಿರುವುದು ಇವೇ ಉಚ್ಚಗೋತ್ರದ ಆಸ್ರವಕ್ಕೆ ಕಾರಣಗಳು. ಪರನಿಂದೆ, ಆತ್ಮಪ್ರಶಂಸೆಗಳಿಂದ ನೀಚಗೋತ್ರ. ಹೀಗಾಗಿ ತನ್ನ ಕುಲ ಹಿರಿದೆಂದು ಕೊಚ್ಚಿಕೊಳ್ಳುವವನು, ಕೊಚ್ಚಿಕೊಳ್ಳುವ ಆ ಗಳಿಗೆಯಲ್ಲಿಯೇ ಅದನ್ನು ಕಳೆದುಕೊಳ್ಳುವ ಬೀಜವನ್ನು ಬಿತ್ತುತ್ತಿರುತ್ತಾನೆ. ಗೋತ್ರಕರ್ಮವು ಸಂಪೂರ್ಣವಾಗಿ ಕ್ಷಯಿಸಿದ ಸಿದ್ಧಾವಸ್ಥೆಯಲ್ಲಿ ಪ್ರಕಟವಾಗುವ ಗುಣಕ್ಕೆ ಅಗುರುಲಘುತ್ವವೆಂದು ಹೆಸರು. ಅಲ್ಲಿ ಮೇಲೂ ಇಲ್ಲ, ಕೀಳೂ ಇಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳನ್ನು ಹೇಳಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ ಇವುಗಳನ್ನು ಅವಲಂಬಿಸಿದ ಗರ್ವಗಳು ಅವು. ಇಲ್ಲಿ ‘ಪೂಜೆ’ ಎಂದರೆ ಜನರಿಂದ ಬರುವ ಮನ್ನಣೆ. ಕುಲಮದದ ಸಾಲಿನಲ್ಲಿಯೇ ತಪೋಮದವನ್ನೂ ಇರಿಸಿರುವುದನ್ನು ವ್ರತಿಗಳು ಲಕ್ಷ್ಯದಲ್ಲಿಡಬೇಕು. ಅರಸನು ಕಿರೀಟದಿಂದ ಬೀಗುವುದೂ, ಉಪವಾಸಿಯು ಉಪವಾಸದ ಎಣಿಕೆಯಿಂದ ಬೀಗುವುದೂ ಆಚಾರ್ಯರ ದೃಷ್ಟಿಯಲ್ಲಿ ಒಂದೇ ವರ್ಗದ ರೋಗಗಳು. ಅದೇ ಗ್ರಂಥದಲ್ಲಿ, ಲೋಕವು ಕೀಳೆಂದು ಎಣಿಸುವ ಕುಲದಲ್ಲಿ ಜನಿಸಿದವನೂ ಸಮ್ಯಗ್ದರ್ಶನಸಂಪನ್ನನಾದರೆ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ವಿಯೆಂದು ಅವರು ತಿಳಿಸಿದ್ದಾರೆ.

ತಪಸ್ಸಿಗೆ ಬದಲಾಗಿ ಪದವಿಯನ್ನು ಬಯಸುವುದು ಇನ್ನೂ ಅಪಾಯಕರ. ಅದಕ್ಕೆ ನಿದಾನವೆಂದು ಹೆಸರು. ಮಾಯೆ, ಮಿಥ್ಯಾತ್ವಗಳೊಡನೆ ಅದು ಮೂರನೆಯ ಶಲ್ಯ. ಶಲ್ಯವುಳ್ಳವನನ್ನು ವ್ರತಿಯೆಂದು ಸೂತ್ರಕಾರರು ಒಪ್ಪುವುದಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮಹಾವೀರಸ್ವಾಮಿಯ ಪೂರ್ವಭವವಾದ ವಿಶ್ವನಂದಿಯ ಕಥೆಯಿದೆ. ರಾಜಕುಮಾರನಾಗಿದ್ದ ವಿಶ್ವನಂದಿಯು ದಾಯಾದಿ ವಿಶಾಖನಂದಿಯ ಕಪಟವನ್ನು ಕಂಡು, ವಿರಕ್ತನಾಗಿ ಮುನಿಯಾದನು. ಉಪವಾಸದಿಂದ ಕೃಶನಾಗಿ ಮಥುರೆಯ ಬೀದಿಯಲ್ಲಿ ಹೋಗುತ್ತಿದ್ದಾಗ ಹಸುವೊಂದು ತಾಗಿ ನೆಲಕ್ಕೆ ಬಿದ್ದನು. ಅದನ್ನು ಕಂಡ ವಿಶಾಖನಂದಿ, ನಿನ್ನ ಹಿಂದಿನ ಬಲವೆಲ್ಲಿ ಹೋಯಿತೆಂದು ನಕ್ಕನು. ರಾಜ್ಯವನ್ನು ಬಿಟ್ಟಿದ್ದ ಮುನಿಗೆ ಆ ಒಂದು ನಗೆಯನ್ನು ಬಿಡಲಾಗಲಿಲ್ಲ. ಸೇಡಿಗಾಗಿ ನಿದಾನವನ್ನು ಮಾಡಿದನು. ತಪಸ್ಸು ವ್ಯರ್ಥವಾಗಲಿಲ್ಲ, ಅವನು ಮುಂದೆ ತ್ರಿಪೃಷ್ಠನೆಂಬ ಮೊದಲನೆಯ ನಾರಾಯಣನಾಗಿ ಮೂರು ಖಂಡಗಳ ಒಡೆಯನಾದನು. ಸೇಡೂ ತೀರಿತು. ಅದರ ಬಳಿಕ ದೊರೆತದ್ದು ಏಳನೆಯ ನರಕ. ಈ ಕಥೆಯಲ್ಲಿ ಅರಸುತನವು ತಪಸ್ಸಿನ ಫಲವೆಂದು ಕಾಣುತ್ತದೆಯಾದರೂ, ಅದು ತಪಸ್ಸನ್ನು ಮಾರಿ ಪಡೆದ ಬೆಲೆ. ಮೋಕ್ಷಕ್ಕೆ ಮೀಸಲಾದುದನ್ನು ಸಿಂಹಾಸನಕ್ಕೆ ಮಾರಿದವನು ವ್ಯಾಪಾರದಲ್ಲಿ ಸೋತನೆಂದೇ ಹೇಳಬೇಕು.

ಇಂದಿನ ಮನೆಗಳಲ್ಲಿ

ಈ ವಿಚಾರ ಇಂದಿನ ಗೃಹಸ್ಥನಿಗೆ ಹೇಗೆ ಅನ್ವಯಿಸುತ್ತದೆ? ಪಂಚಕಲ್ಯಾಣ ಮಹೋತ್ಸವಗಳಲ್ಲಿ ಶ್ರಾವಕ ದಂಪತಿಗಳು ತೀರ್ಥಂಕರರ ತಂದೆತಾಯಿಗಳಾಗಿ, ಸೌಧರ್ಮೇಂದ್ರ ಶಚಿಯರಾಗಿ, ಕುಬೇರನಾಗಿ ಕಿರೀಟ ಧರಿಸಿ ಕುಳಿತುಕೊಳ್ಳುತ್ತಾರೆ. ಅನೇಕ ಕಡೆಗಳಲ್ಲಿ ಈ ಸ್ಥಾನಗಳು ಸವಾಲಿನಿಂದ ನಿರ್ಧಾರವಾಗುತ್ತವೆ. ಸವಾಲಿನ ಹಣದಿಂದ ಬಸದಿಗಳ ಜೀರ್ಣೋದ್ಧಾರ, ಆಹಾರದಾನ, ವಿದ್ಯಾದಾನಗಳು ನಡೆಯುವುದರಿಂದ ಅದನ್ನು ಒಮ್ಮೆಗೇ ತೆಗಳುವುದು ಸರಿಯಲ್ಲ. ಉತ್ಸವವು ಮುಗಿದ ದಿನ ಇಂದ್ರನ ಕಿರೀಟವನ್ನು ತೆಗೆದಿಡಬೇಕೆಂಬ ನಿಯಮವಂತೂ ಇದ್ದೇ ಇದೆ. ತಲೆಯಿಂದ ಇಳಿದ ಕಿರೀಟ ಮನಸ್ಸಿನಿಂದಲೂ ಇಳಿಯಿತೇ ಎಂಬುದು ಮಾತ್ರ ಪ್ರಶ್ನೆ. ಮರುದಿನ ಅಭಿಷೇಕಕ್ಕೆ ನಿಂತ ಸಾಲಿನಲ್ಲಿ ನಿನ್ನೆಯ ಇಂದ್ರನು, ಬಾಡಿಗೆಯ ಮನೆಯಲ್ಲಿರುವ ಶ್ರಾವಕನ ಹಿಂದೆ ಬೇಸರವಿಲ್ಲದೆ ನಿಲ್ಲಬಲ್ಲನಾದರೆ ಅವನ ದಾನ ಸಾರ್ಥಕ.

ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರನ್ನು ಮೆರವಣಿಗೆಯಲ್ಲಿ ಕರೆತಂದು ಸನ್ಮಾನಿಸುವ ಪದ್ಧತಿಯೂ ಬೆಳೆಯುತ್ತಿದೆ. ಅನುಮೋದನೆಯಿಂದ ಪುಣ್ಯವುಂಟು, ಒಬ್ಬರ ವ್ರತವನ್ನು ಕಂಡು ಇನ್ನೊಬ್ಬರಿಗೆ ಪ್ರೇರಣೆಯಾಗುವುದೂ ಉಂಟು. ಸನ್ಮಾನಿಸುವವರ ಭಾವ ಶುದ್ಧವೆಂದೇ ತಿಳಿಯೋಣ. ಆದರೂ ಅದೇ ಮನೆಯಲ್ಲಿ ಉಪವಾಸಿಗಳಿಗೆ ಪಾರಣೆಯ ವ್ಯವಸ್ಥೆ ಮಾಡುತ್ತ, ಮಕ್ಕಳ ಊಟ ನೋಡಿಕೊಳ್ಳುತ್ತ, ತಾನು ಸದ್ದಿಲ್ಲದೆ ಅಷ್ಟಮಿ ಚತುರ್ದಶಿಗಳ ಏಕಾಶನವನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದ ಗೃಹಿಣಿಗೆ ಯಾವ ಬಿರುದೂ ಇಲ್ಲ. ಅವಳ ವ್ರತಕ್ಕೆ ಅದರಿಂದ ಯಾವ ಕುಂದೂ ಇಲ್ಲ. ಹಾರ ಬೀಳದಿದ್ದರೆ ಮನಸ್ಸು ಮುದುಡುವಂತಹ ಉಪವಾಸಕ್ಕೆ ಮಾತ್ರ ಕುಂದು ಬಂದಿದೆಯೆಂದು ತಿಳಿಯಬೇಕು.

ಕೆಲವರು ಭರತೇಶನ ನಿದರ್ಶನವನ್ನು ಮುಂದಿಡುವುದುಂಟು. ರತ್ನಾಕರವರ್ಣಿಯ ಭರತೇಶ ವೈಭವದಲ್ಲಿ ಚಕ್ರವರ್ತಿಯು ಭೋಗದ ನಡುವೆಯೂ ಯೋಗಿಯಾಗಿದ್ದನಲ್ಲವೇ, ಪದವಿಯಲ್ಲಿದ್ದುಕೊಂಡೇ ನಿರ್ಲಿಪ್ತರಾಗಿರಬಾರದೇ ಎಂದು ಅವರ ವಾದ. ಇರಬಹುದು, ಅಸಾಧ್ಯವೆಂದು ಯಾರೂ ಹೇಳಲಾರರು. ಆದರೆ ನಿರ್ಲಿಪ್ತತೆಯು ತಾನೇ ತನಗೆ ಕೊಟ್ಟುಕೊಳ್ಳುವ ಪ್ರಮಾಣಪತ್ರವಾಗಕೂಡದು. ಭರತನೂ ಕೊನೆಗೆ ಚಕ್ರರತ್ನ, ನವನಿಧಿಗಳನ್ನೆಲ್ಲ ಬಿಟ್ಟು ದೀಕ್ಷೆ ವಹಿಸಿದನೆಂಬುದನ್ನು ಈ ವಾದ ಮರೆಯುತ್ತದೆ. ಬಿಡಬೇಕಾದ ಗಳಿಗೆ ಬಂದಾಗ ಕೈ ಸಡಿಲಿದುದರಿಂದಲೇ ಅವನ ಹಿಂದಿನ ನಿರ್ಲಿಪ್ತತೆ ದಿಟವೆಂದು ತಿಳಿಯಿತು.

ಮೊದಲಿನ ಪ್ರಶ್ನೆಗೆ ಈಗ ಉತ್ತರಿಸಬಹುದು. ರಾಜಪದಗಳನ್ನು ಬಸದಿಯಿಂದ ಹೊರಹಾಕಬೇಕಾದ ಅಗತ್ಯವಿಲ್ಲ. ನಾಡಿನಲ್ಲಿ ಅರಸರು ಇಲ್ಲವಾದುದರಿಂದ ಆ ಪದಗಳಿಗೆ ಇದ್ದ ಹಳೆಯ ಭಯ, ಹಳೆಯ ಲಾಭ ಎರಡೂ ಕಳಚಿಹೋಗಿವೆ. ತನ್ನನ್ನು ಆಳಿಕೊಂಡವನಿಗೆ ‘ಮಹಾರಾಜ’ ಎಂದು ಕೈಮುಗಿಯುವಾಗ ಶ್ರಾವಕನು, ಆಳ್ವಿಕೆಯೆಂದರೆ ಯಾವುದೆಂಬುದನ್ನು ಪ್ರತಿದಿನವೂ ಹೊಸದಾಗಿ ಕಲಿಯುತ್ತಾನೆ. ಆದರೆ ಆ ಪದ ಕೈಮುಗಿಯುವವನ ಬಾಯಲ್ಲಿರಬೇಕು. ಕೈಮುಗಿಸಿಕೊಳ್ಳುವವನ ಮನಸ್ಸಿನಲ್ಲಿ ಇರಬಾರದು. ಗೌರವವನ್ನು ಕೊಡುವುದು ಸಮಾಜದ ವಿನಯ. ಅದನ್ನು ಹಿಡಿದುಕೊಳ್ಳದಿರುವುದು ವ್ರತಿಯ ವಿನಯ.

ಸಮವಸರಣದ ವರ್ಣನೆಯಲ್ಲಿ ಎಲ್ಲರೂ ಕೇಳಿರುವ ವಿಷಯವೊಂದಿದೆ. ಗಂಧಕುಟಿಯ ಮಧ್ಯದಲ್ಲಿ ರತ್ನಖಚಿತವಾದ ಸಿಂಹಾಸನ. ಅದರ ಮೇಲೆ ಕಮಲ. ಇಂದ್ರನ ಆಜ್ಞೆಯಂತೆ ಎಲ್ಲವೂ ಸಿದ್ಧವಾಗಿರುತ್ತದೆ. ಭಗವಂತನು ಅದನ್ನು ಬೇಡವೆಂದು ತಳ್ಳುವುದಿಲ್ಲ. ಅದರ ಮೇಲೆ ಕೂರುವುದೂ ಇಲ್ಲ. ನಾಲ್ಕು ಅಂಗುಲ ಮೇಲೆ, ಸ್ಪರ್ಶವಿಲ್ಲದೆ ವಿರಾಜಮಾನನಾಗಿರುತ್ತಾನೆ. ಸಭೆಯಲ್ಲಿರುವ ದೇವ ಮನುಷ್ಯ ತಿರ್ಯಂಚರೆಲ್ಲರಿಗೂ ಸಿಂಹಾಸನ ಕಾಣುತ್ತದೆ. ಅದರ ಮೇಲಿನ ಆ ನಾಲ್ಕು ಅಂಗುಲದ ಅಂತರವೂ ಕಾಣುತ್ತದೆ. ಸಭಾಪತಿ, ಧರ್ಮಾಧಿಕಾರಿ, ಸಂಘದ ಅಧ್ಯಕ್ಷ, ದಾನಿ, ತಪಸ್ವಿ ಎಂದು ಮುಂತಾಗಿ ಸಮಾಜವು ನೀಡುವ ಯಾವುದೇ ಪೀಠದ ಬಳಿಗೆ ಹೋಗುವ ವ್ರತಿಯು ಆ ಅಂತರವನ್ನು ಒಂದಂಗುಲದಷ್ಟಾದರೂ ಉಳಿಸಿಕೊಳ್ಳಲು ಯತ್ನಿಸಿದರೆ, ಅವನ ಉಪವಾಸದ ಹಸಿವು ಸಾರ್ಥಕವಾಗುತ್ತದೆ.